ಡ್ರೈವರಣ್ಣನ ಕಿವಿ, ವೈರ್‌ಲೆಸ್ಸಿನ ಗೊರಗೊರ

ನನಗೆ ಸಿಟ್ಟು ಮೂಗಿನ ತುದೀಲೇ ಇರ್ತದೆ. ಇದನ್ನ ಮೊದಲೇ ಹೇಳಿಬಿಡೋದು ಒಳ್ಳೇದು. ಯಾಕಂದ್ರೆ ಮುಂದೆ ಬರೋ ತಪ್ಪಿನಲ್ಲಿ ಅರ್ಧ ಆ ಸಿಟ್ಟಿನದು, ಇನ್ನರ್ಧ ನನ್ನ ಜಂಬದ್ದು.

ದಾವಣಗೆರೇಲಿ ಆವರಗೆರೆ ಕಡೆ ಪಿ.ಬಿ. ರೋಡಿನಲ್ಲಿ ನನ್ನದೊಂದು ಆಟೊ ಎಲೆಕ್ಟ್ರಿಕ್ ಅಂಗಡಿ ಇದೆ. ಲಾರಿ, ಟೆಂಪೊ, ಟ್ರ್ಯಾಕ್ಟರು, ಯಾವುದರ ಲೈಟು ಹತ್ತದಿದ್ದರೂ, ಸೆಲ್ಫ್ ತಿರುಗದಿದ್ದರೂ ನನ್ನ ಹತ್ತಿರ ಬರ್ತಾರೆ. ಬಂದವರು ಮೊದಲು ಬೈಸಿಕೊಳ್ತಾರೆ, ಆಮೇಲೆ ಗಾಡಿ ರಿಪೇರಿ ಆಗ್ತದೆ. "ಅಕ್ಕನ ಕೈ ಒಳ್ಳೇದು, ಬಾಯಿ ಒಂದೇ ಕೆಟ್ಟದ್ದು" ಅಂತ ಲಾರಿಯವರು ನನಗೆ ಕೇಳುವಂಗೇ ಆಡಿಕೊಳ್ತಾರೆ. ಆಡಿಕೊಳ್ಳಲಿ. ಈ ಕೆಲಸ ಕಲಿಸಿದ್ದು ನಮ್ಮಪ್ಪ. ಹರಿಹರದಲ್ಲಿ ಅಪ್ಪನದು ಡೈನಮೊ ರಿಪೇರಿ ಅಂಗಡಿ. ಗಂಡುಮಕ್ಕಳಿರಲಿಲ್ಲ, ನಾನೇ ಸ್ಪ್ಯಾನರ್ ಹಿಡಿದೆ. ಅಪ್ಪನ ಬಾಯಿ ನನಗಿಂತ ಜೋರು, ಕೈ ನನಗಿಂತ ಚೊಕ್ಕ.

ಗಾಡಿಯಲ್ಲಿ ಎಲ್ಲಿಂದಲೋ ಬೇಡದ ಸದ್ದು ಬಂದರೆ ಏನು ಮಾಡಬೇಕು ಅಂತ ಅಪ್ಪ ಒಂದೇ ದಾರಿ ಹೇಳಿಕೊಟ್ಟಿದ್ದ. ಒಂದೊಂದಾಗಿ ಎಲ್ಲಾನೂ ಆರಿಸ್ತಾ ಹೋಗು, ಯಾವುದನ್ನ ಆರಿಸಿದಾಗ ಸದ್ದು ನಿಲ್ತದೋ ಅದೇ ಕಳ್ಳ. ಎಲ್ಲಾನೂ ಅಂದರೆ ಎಲ್ಲಾನೂ, ಒಂದನ್ನೂ ಬಿಡಬಾರದು. ಇಷ್ಟು ಸಣ್ಣ ಪಾಠ. ಮೂವತ್ತು ವರ್ಷ ನನಗದು ಬಾಯಿಪಾಠ ಆಗಿತ್ತು.

ಈ ಸಲ ಸಂಕ್ರಾಂತಿ ಆಗಿ ಒಂದು ವಾರ ಕಳೆದಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ಒಂದು ಆಂಬುಲೆನ್ಸ್ ಅಂಗಡಿ ಮುಂದೆ ಬಂದು ನಿಂತಿತು. ಊರಿನ ಒಂದು ಟ್ರಸ್ಟಿನ ಗಾಡಿ ಅದು. ಹರಿಹರದ ಕಡೆ ಬಡವರಿಗೆ ಏನಾದರೂ ಆದರೆ ದಾವಣಗೆರೆ ಆಸ್ಪತ್ರೆಗೆ ಕರಕೊಂಡು ಬರ್ತದೆ. ಅದರ ಡ್ರೈವರಣ್ಣ ಇಪ್ಪತ್ತು ವರ್ಷದಿಂದ ನನಗೆ ಗೊತ್ತು. ಐವತ್ತೈದು ದಾಟಿದ ಮನುಷ್ಯ. ಬಿಳೀ ಅಂಗಿ ಮೇಲೆ ಒಂದು ಕಲೆ ಇರಲ್ಲ. ಮಾತು ಮೆತ್ತಗೆ, ಹಾರನ್ನು ಕೂಡ ಮೆತ್ತಗೆ.

ಅವತ್ತು ಮಾತ್ರ ಗಾಡಿಯಿಂದ ಇಳೀತಾ ಇದ್ದಂಗೇ ರೋಡಿಗೆಲ್ಲಾ ಕೇಳುವಂಗೆ ಕೂಗಿದ. "ತಂಗೀ, ವೈರ್‌ಲೆಸ್ಸಿಗೆ ಒಂದು ದೊಡ್ಡ ಸ್ಪೀಕರ್ ಹಾಕ್ಕೊಡ್ತೀಯೇನವ್ವಾ?"

"ಮೆಲ್ಲಗೆ ಮಾತಾಡ್ರಿ ಅಣ್ಣಾ! ನನಗೇನು ಕಿವುಡು ಅಂದ್ಕೊಂಡ್ರಾ?" ಅಂತ ಗದರಿದೆ.

ಅಣ್ಣನ ಮುಖ ಸಣ್ಣದಾಯಿತು. ಸುತ್ತ ನೋಡಿ, ಹತ್ತಿರ ಬಂದು, "ನಿನಗಲ್ಲವ್ವಾ, ನನಗೆ" ಅಂದ. "ಆಫೀಸಿಗೆ ಹೇಳಬ್ಯಾಡ."

ಆಫೀಸು ಅಂದರೆ ದೇವರಾಜ ಅರಸು ಬಡಾವಣೆಯಲ್ಲಿ ಟ್ರಸ್ಟಿನದೊಂದು ಮನೆ. ತಾರಸಿ ಮೇಲೆ ಎತ್ತರದ ಕಂಬ, ಅದರ ತುದೀಲಿ ಆಂಟೆನಾ. ಗಾಡಿ ಓಡಿಸುವಾಗ ಮೊಬೈಲ್ ಮುಟ್ಟಬಾರದು, ಬಂದ್ ಮಾಡಿ ಡ್ರಾಯರಿನಲ್ಲಿ ಇಡಬೇಕು ಅನ್ನೋದು ಅಲ್ಲಿನ ಕಟ್ಟುನಿಟ್ಟು. ಅದಕ್ಕೇ ಪೊಲೀಸ್ ಜೀಪಿನಲ್ಲಿರ್ತದಲ್ಲ, ಅಂಥ ವೈರ್‌ಲೆಸ್ ಹಾಕಿಸಿದ್ದರು. ಗುಂಡಿ ಒತ್ತಿ ಮಾತಾಡೋದು, ಬಿಟ್ಟು ಕೇಳೋದು. ಆಫೀಸಿನಲ್ಲಿ ಮೈಕ್ ಹಿಡಿದು ಕೂರೋರು ಒಬ್ಬ ರಿಟೈರ್ಡ್ ಹೆಡ್ಮಾಸ್ತರು. ಅವರಿಗೆ ಎಲ್ಲರೂ ಮೇಷ್ಟ್ರು ಅಂತಲೇ ಅನ್ನೋದು. ಅಲ್ಲಿ ಅವರ ಮಾತೇ ಕೊನೆ.

ಅಣ್ಣ ಹೇಳಿದ್ದಿಷ್ಟು. ದೀಪಾವಳಿಯಿಂದ ಈಚೆಗೆ ನಾಲ್ಕು ಸಲ ಮೇಷ್ಟ್ರು ಕರೆದದ್ದು ಅಣ್ಣನಿಗೆ ಕೇಳಿಲ್ಲ. ಕೊನೇ ಸಲ ಹರಿಹರದಲ್ಲಿ ಒಬ್ಬ ಅಜ್ಜನಿಗೆ ಎದೆನೋವು ಬಂದಿತ್ತು. ಅಣ್ಣನ ಗಾಡಿ ಅಲ್ಲೇ ಎರಡು ಬೀದಿ ಆಚೆ ಹೋಗ್ತಿತ್ತು. ಇತ್ತ ಮೇಷ್ಟ್ರು "ಗಾಡಿ ಒಂದು, ಗಾಡಿ ಒಂದು" ಅಂತ ಮೈಕಿನಲ್ಲಿ ಕೂಗಿ ಕೂಗಿ ಸುಸ್ತಾದರೂ ಉತ್ತರ ಇಲ್ಲ. ಮನೆಯವರು ಕಾದು ಕಾದು ಅಜ್ಜನನ್ನ ಲಗೇಜ್ ಆಟೊದಲ್ಲಿ ಮಲಗಿಸಿಕೊಂಡು ಬಂದರಂತೆ. ದೇವರು ದೊಡ್ಡೋನು, ಅಜ್ಜ ಉಳಕೊಂಡ. ಆದರೆ ಮೇಷ್ಟ್ರು ಖಡಾಖಂಡಿತ ಹೇಳಿಬಿಟ್ಟಿದ್ದರು. ಇನ್ನೊಂದೇ ಒಂದು ಸಲ ಹಿಂಗಾದರೆ ಅಣ್ಣ ಸ್ಟೇರಿಂಗ್ ಬಿಟ್ಟು ಆಫೀಸಿನ ಗೇಟಿಗೆ ಕೂರಬೇಕು.

"ಗೇಟಿಗೆ ಕೂತರೂ ಊಟ ಸಿಗ್ತೈತೆ ತಂಗೀ, ಅದಲ್ಲ" ಅಂದ ಅಣ್ಣ. "ನನ್ನ ಗಾಡೀಲೇ ಹುಟ್ಟಿದ ಕೂಸುಗಳು ಈಗ ಕಾಲೇಜಿಗೆ ಹೋಗ್ತಾವೆ. ದಾರೀಲಿ ಕಂಡರೆ ಅವರ ತಾಯಂದಿರು ನಿಂತು ಮಾತಾಡಿಸ್ತಾರೆ. ಸೀಟು ಹೋದರೆ ನಾನು ಯಾರು ಹೇಳು? ಭಜನೇಲಿ ತಾಳ ಹಾಕ್ತಿದ್ದೆ, ಅದನ್ನೂ ಬಿಟ್ಟೆ. ಈ ಕಿವಿ ಕಟ್ಕೊಂಡು ತಾಳ ತಪ್ಪಿದರೆ ಎಲ್ಲರ ಮುಂದೆ ಮರ್ಯಾದೆ ಹೋಗ್ತೈತೆ."

"ಮತ್ತೆ ಕಿವಿ ಡಾಕ್ಟರ ಹತ್ರ ಹೋಗೋದು ಬಿಟ್ಟು ನನ್ನ ಹತ್ರ ಯಾಕ್ ಬಂದ್ರಿ? ನಾನೇನು ಕಿವಿಗೂ ಕಂಡೆನ್ಸರ್ ಹಾಕ್ತೀನಾ?" ಅಂದೆ. ಡಾಕ್ಟರು ಚೀಟಿ ಬರೀತಾರೆ, ಆ ಚೀಟಿ ಹೆಂಗೋ ಆಫೀಸಿಗೆ ಹೋಗ್ತದೆ ಅನ್ನೋ ಭಯ ಅಣ್ಣನಿಗೆ. ನನಗೆ ಪಾಪ ಅನಿಸ್ತು. ಆದರೆ ನನಗೆ ಪಾಪ ಅನಿಸಿದಾಗಲೂ ಬಾಯಲ್ಲಿ ಬೈಗುಳವೇ ಬರೋದು, ಏನು ಮಾಡಲಿ.

ಗಾಡಿ ಹತ್ತಿ ಕೂತೆ. ಅಣ್ಣನ ಗಾಡಿ ಒಳಗೆ ಯಾವಾಗಲೂ ಊದುಬತ್ತಿ ವಾಸನೆ. ಡ್ಯಾಶ್‌ಬೋರ್ಡ್ ಮೇಲೆ ಮನೆದೇವರ ಫೋಟೊ, ಹಾರ, ಸುತ್ತ ಕೆಂಪು ಹಸಿರು ದೀಪದ ಸಾಲು. ಆಯುಧಪೂಜೆ ದಿನ ನನ್ನ ಅಂಗಡಿ ಮುಂದೆ ಪೂಜೆ ಮಾಡಿಸುವ ಗಾಡಿಗಳಿಗೆಲ್ಲಾ ಒಂದು ದೀಪ ನನ್ನ ಕೈಯಾರೆ ಕೂಡಿಸಿಕೊಡೋದು ಅಪ್ಪನ ಕಾಲದಿಂದ ಬಂದ ಪದ್ಧತಿ. ಫೋಟೊದ ಪಕ್ಕ ವೈರ್‌ಲೆಸ್ ಸೆಟ್ಟು.

ಕೀಲಿ ತಿರುಗಿಸಿದರೆ ಸುಮ್ಮನಿತ್ತು. ಎಂಜಿನ್ ಚಾಲೂ ಮಾಡಿದೆ. ಅಯ್ಯೋ ಶಿವನೇ! ಎಣ್ಣೇಲಿ ಹಪ್ಪಳ ಬಿಟ್ಟಂಗೆ ಗೊರಗೊರ, ಅದರ ಜೊತೆ ಕುಂಯ್ ಅಂತ ಒಂದು ಎಳೆ. ಆಕ್ಸಿಲರೇಟರ್ ಒತ್ತಿದರೆ ಆ ಕುಂಯ್ ಮೇಲಕ್ಕೆ ಏರೋದು, ಬಿಟ್ಟರೆ ಇಳಿಯೋದು.

"ಅಣ್ಣಾ, ನಿಮ್ಮ ಕಿವಿ ಕೆಟ್ಟಿಲ್ಲ, ಗಾಡಿ ಕೆಟ್ಟೈತೆ! ಈ ಗಲಾಟೇಲಿ ಯಾರಿಗೆ ಏನು ಕೇಳಬೇಕು?" ಅಂದೆ. ಅಣ್ಣನ ಕಣ್ಣಲ್ಲಿ ಸ್ವಲ್ಪ ಜೀವ ಬಂತು.

ಆಗ ಸೆಟ್ಟಿನ ಎಡಗಡೆ ಗುಂಡಿ ಕಡೆ ನನ್ನ ಕಣ್ಣು ಹೋಯಿತು. ಅದಕ್ಕೆ ಸ್ಕ್ವೆಲ್ಚ್ ಅಂತಾರೆ. ಯಾರೂ ಮಾತಾಡದಾಗ ಬರೋ ಕರಕರ ಸದ್ದನ್ನ ತಡೆಯೋ ಬಾಗಿಲು ಅದು. ಸ್ವಲ್ಪ ತಿರುಗಿಸಿದರೆ ಸದ್ದು ನಿಲ್ತದೆ. ಪೂರ್ತಿ ಬಿಗಿದರೆ ದೂರದಿಂದ ಸಣ್ಣಗೆ ಬರೋ ಮಾತೂ ಆಚೆಗೇ ನಿಂತುಬಿಡ್ತದೆ. ಅಣ್ಣ ಅದನ್ನ ಮೊನ್ನೆವರೆಗೂ ಕೊನೇತನಕ ಬಿಗಿದಿಟ್ಟಿದ್ದನಂತೆ. ನನಗೆ ಉರಿದುಹೋಯಿತು.

"ನಿಮಗೇನು ತಲೆ ಕೆಟ್ಟಿತ್ತಾ? ಅವರು ಕರೆದದ್ದು ಒಳಗೇ ಬಾರದಂಗೆ ಬಾಗಿಲು ಹಾಕ್ಕೊಂಡು, ಕಿವಿ ಹೋಯ್ತು ಕಿವಿ ಹೋಯ್ತು ಅಂತ ಅಳ್ತೀರಲ್ಲ!"

ಅಣ್ಣ ಗಾಡಿಯ ಹಿಂಭಾಗ ತೋರಿಸಿ ಅಂದ: "ಹಿಂದೆ ಪೇಷಂಟು ಮಲಗಿರ್ತಾರಲ್ಲವ್ವಾ. ಒಬ್ಬ ಬಾಣಂತಿ ಈ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಅತ್ತಳು. ಅದಕ್ಕೇ ಬಿಗಿದೆ. ಅಜ್ಜನ ವಿಷಯ ಆದ ಮೇಲೆ ಭಯಬಿದ್ದು ಸಡಿಲ ಮಾಡಿದೆ. ಈಗ ಬರೀ ಸದ್ದು ಕೇಳ್ತೈತೆ, ಮಾತು ತಿಳಿಯಲ್ಲ."

ನಾನು ಇಳಿದು ಬಾನೆಟ್ ಎತ್ತಿದೆ.

ಎರಡು ದಿನ ಗಾಡಿ ನನ್ನ ಹತ್ತಿರ ಇತ್ತು. ವೈಪರ್ ಆರಿಸಿದೆ, ಫ್ಯಾನ್ ಆರಿಸಿದೆ, ಮೇಲಿನ ತಿರುಗೋ ಲೈಟು, ಸೈರನ್ನು, ಹೆಡ್‌ಲೈಟು, ಮೊಬೈಲ್ ಚಾರ್ಜರು, ಒಂದೊಂದನ್ನೇ ಆರಿಸಿದೆ. ಸದ್ದು ನಿಲ್ಲಲಿಲ್ಲ. ಎಂಜಿನ್ ನಿಲ್ಲಿಸಿದರೆ ಮಾತ್ರ ನಿಲ್ತಿತ್ತು. ಅಲ್ಲಿಗೆ ಡೈನಮೊನೇ ಕಳ್ಳ ಅಂತ ತೀರ್ಮಾನ ಮಾಡಿದೆ. ಈಗ ಅದಕ್ಕೆ ಆಲ್ಟರ್ನೇಟರ್ ಅಂತಾರೆ, ನಮ್ಮ ಬಾಯಿಗೆ ಡೈನಮೊನೇ. ಬಿಚ್ಚಿ ಬ್ರಶ್ಶು ಬದಲಾಯಿಸಿದೆ, ಅದರ ತಲೆಗೆ ಸದ್ದು ನುಂಗೋ ಒಂದು ಕಂಡೆನ್ಸರ್ ಕಟ್ಟಿದೆ. ಸೆಟ್ಟಿಗೆ ಫ್ಯೂಸ್ ಬಾಕ್ಸಿನಿಂದ ಕರೆಂಟು ಕದ್ದಿದ್ದರು. ಅದನ್ನ ಕಿತ್ತು, ಬ್ಯಾಟರಿಯಿಂದ ನೇರ ಎರಡು ದಪ್ಪ ವೈರು ಎಳೆದೆ. ಆಂಟೆನಾ ಕೂತ ಜಾಗದಲ್ಲಿ ಪೇಂಟ್ ಮೇಲೆ ಪೇಂಟ್ ಬಳಿದಿದ್ದರು, ಕಬ್ಬಿಣಕ್ಕೆ ಕಬ್ಬಿಣ ತಾಗೋಕೆ ಸಂದೇ ಇರಲಿಲ್ಲ. ಕೆರೆದು ಹೊಳೆಯುವಂಗೆ ಮಾಡಿ ಬಿಗಿದೆ. ಬಾನೆಟ್ಟಿನಿಂದ ಬಾಡಿಗೆ ತಾಮ್ರದ ಪಟ್ಟಿ ಹಾಕಿದೆ. ಕುಂಯ್ ಅನ್ನೋದು ಮಾಯ ಆಯಿತು!

ಗೊರಗೊರ ಸ್ವಲ್ಪ ಉಳಕೊಂಡಿತ್ತು. ನಾನು ಕೇಳಿದೆ. ಕೇಳಿಯೂ "ಹಳೇ ಗಾಡಿ, ಇಷ್ಟು ಇರ್ತದೆ" ಅಂತ ಕೈ ಒರೆಸಿಕೊಂಡೆ. ಆಫೀಸಿಗೆ ಕರೆದು ನೋಡಿದರೆ ಮೇಷ್ಟ್ರ ಮಾತು ಎದುರಿಗೇ ಕೂತಂಗೆ ಸ್ಪಷ್ಟ ಕೇಳ್ತು. ಕೇಳದೆ ಏನು, ಊರೊಳಗೇ ಇದ್ದೀವಿ. ಹತ್ತಿರದ ಮಾತು ಜೋರಾಗಿ ಬಂದು ಸದ್ದನ್ನ ಒತ್ತಿಹಾಕ್ತದೆ. ಹರಿಹರಕ್ಕೆ ಹೋಗಿ ನೋಡಬೇಕು ಅನ್ನೋ ಬುದ್ಧಿ ನನಗೆ ಬರಲಿಲ್ಲ. ಮೇಷ್ಟ್ರು ಫೋನ್ ಮಾಡಿ, "ಗಾಡಿ ಸರಿ ಆಯ್ತಾ ಅಮ್ಮಾ? ಹಂಗಾದರೆ ಬರೆದು ಕಳಿಸು" ಅಂದರು. ಅಂಗಡಿ ಚೀಟಿ ಮೇಲೆ "ವೈರ್‌ಲೆಸ್ ಪೂರ್ತಿ ಸರಿ ಇದೆ, ಗಾಡಿಯದು ಏನೂ ದೋಷ ಇಲ್ಲ" ಅಂತ ಬರೆದು, ಸಹಿ ಹಾಕಿ, ಕೆಳಗೆ ಎರಡು ಗೆರೆ ಎಳೆದೆ. ಎರಡು ಗೆರೆ!

ಐದು ದಿನ ಆದ ಮೇಲೆ ಅದೇ ಬಡಾವಣೆಯಲ್ಲಿ ಒಬ್ಬರ ಕಾರು ಸ್ಟಾರ್ಟ್ ಆಗ್ತಿಲ್ಲ ಅಂತ ಹೋಗಿದ್ದೆ. ವಾಪಸ್ ಬರುವಾಗ ಟ್ರಸ್ಟಿನ ಆಫೀಸಿನ ಮುಂದೆ ಹಾದೆ. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಮೇಲೆ ಡ್ರೈವರಣ್ಣ ಕೂತಿದ್ದ. ಅದೇ ಬಿಳೀ ಅಂಗಿ, ಕೊರಳಲ್ಲಿ ಒಂದು ಸೀಟಿ. ನನ್ನ ನೋಡಿ ಎದ್ದು ನಕ್ಕ.

"ಏನಣ್ಣಾ ಇದು?"

"ಮೂರನೇ ದಿನ ಹರಿಹರದಲ್ಲಿ ಮತ್ತೆ ತಪ್ಪಿಹೋತವ್ವಾ. ಏನೋ ಕರೀತಿದ್ದಾರೆ ಅಂತ ಗೊತ್ತಾತು, ಏನಂತ ತಿಳೀಲಿಲ್ಲ. ವಾಪಸ್ ಬಂದು ನಾನೇ ಮೇಷ್ಟ್ರ ಟೇಬಲ್ ಮೇಲೆ ಕೀಲಿ ಇಟ್ಟೆ. ಗಾಡಿ ಸರಿ ಐತೆ ಅಂತ ನೀನು ಬರೆದುಕೊಟ್ಟ ಮೇಲೆ ಮತ್ತೇನು ಉಳೀತು? ನನ್ನ ಕಿವಿನೇ ಅಲ್ವಾ?" ಅಂದ. ನನ್ನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. "ಸೋಮವಾರದಿಂದ ಹೊಸ ಡ್ರೈವರ್ ಬರ್ತಾನೆ. ನಿನಗ್ಯಾಕೆ ಬ್ಯಾಸರ? ನಿನ್ನ ಕೆಲಸ ನೀನು ಚೊಲೋ ಮಾಡಿದ್ದಿ."

ನಾನು ರೋಡಿನ ಕಡೆ ತಿರುಗಿ, ನನಗೆ ನಾನೇ, ತುಟಿಯೊಳಗೇ "ಥೂ ನನ್ನ ಬುದ್ಧಿಗಿಷ್ಟು" ಅಂದುಕೊಂಡೆ. ಹಿಂದಿನಿಂದ ಅಣ್ಣ, "ಯಾಕವ್ವಾ, ನಿನ್ನ ಬುದ್ಧಿಗೇನಾತು?" ಅಂದ.

ನಿಂತಲ್ಲೇ ನಿಂತೆ. ಪಕ್ಕದಲ್ಲಿ ಟ್ರ್ಯಾಕ್ಟರ್ ಹೋಗ್ತಿತ್ತು. ಆ ಸದ್ದಿನಲ್ಲಿ ನಾನು ತುಟಿಯೊಳಗೆ ಗೊಣಗಿದ್ದು ಇವನಿಗೆ ಕೇಳಿಸಿದೆ. ಇವನಿಗೆಲ್ಲಿಯ ಕಿವುಡು! ಆ ಉಳಿದ ಗೊರಗೊರ ನೆನಪಾಯಿತು. ಆಕ್ಸಿಲರೇಟರ್ ಒತ್ತಿದಾಗ ಕುಂಯ್ ಒಂದೇ ಏರ್ತಿತ್ತು, ಗೊರಗೊರ ಏರ್ತಾನೇ ಇರಲಿಲ್ಲ. ಡೈನಮೊದ ಸದ್ದಾದರೆ ಅದೂ ಏರಬೇಕಿತ್ತಲ್ಲ? ಇಬ್ಬರು ಕಳ್ಳರಲ್ಲಿ ಒಬ್ಬನನ್ನ ಹಿಡಿದು ಬಾಗಿಲು ಹಾಕಿಕೊಂಡು ಬಂದಿದ್ದೆ ನಾನು.

ಒಳಗೆ ನುಗ್ಗಿ ಮೇಷ್ಟ್ರಿಗೆ ಎಲ್ಲಾ ಒದರಿದೆ. ಅವರು ಕನ್ನಡಕದ ಮೇಲಿಂದ ನನ್ನ ನೋಡಿ, ಡ್ರಾಯರಿನಿಂದ ನನ್ನದೇ ಚೀಟಿ ತೆಗೆದು ಮುಂದೆ ಇಟ್ಟರು. ಎರಡೂ ಗೆರೆ ಹಂಗೇ ಇದ್ದವು.

"ಒಂದು ಮಾರು ದೂರದ ಮಾತು ಕೇಳೋದು ಬೇರೆ, ಹರಿಹರದಿಂದ ಕೇಳೋದು ಬೇರೆ ಅಮ್ಮಾ" ಅಂದರು. "ಅವನನ್ನ ಗೇಟಿಗೆ ಕೂರಿಸಿ ನಾನೇನು ಸುಖವಾಗಿದ್ದೀನಾ? ಬೆಳಿಗ್ಗೆ ಬರುವಾಗ ಅವನ ಮುಖ ನೋಡೋಕೆ ಆಗ್ತಿಲ್ಲ, ಹಿತ್ತಲ ಬಾಗಿಲಿಂದ ಬರ್ತಿದ್ದೀನಿ. ಆದರೆ ಆ ಅಜ್ಜನಿಗೆ ಏನಾದರೂ ಆಗಿದ್ದರೆ?"

ಒಂದು ಮಧ್ಯಾಹ್ನದ ಮಟ್ಟಿಗೆ ಗಾಡಿ ಕೊಡ್ರಿ, ಅಣ್ಣನೇ ಓಡಿಸಲಿ, ನಾನು ಜೊತೆಗೆ ಹರಿಹರಕ್ಕೆ ಹೋಗಿ ನೋಡ್ತೀನಿ ಅಂತ ಬೇಡಿಕೊಂಡೆ. ನಾನು ಬೇಡಿಕೊಂಡಿದ್ದು ಬಹುಶಃ ಅದೇ ಮೊದಲು. ಶನಿವಾರ ಮಧ್ಯಾಹ್ನ ಆಗಬಹುದು ಅಂದರು ಮೇಷ್ಟ್ರು.

ಶನಿವಾರ ಹರಿಹರದ ಸೇತುವೆ ಇನ್ನೂ ಸ್ವಲ್ಪ ದೂರ ಇರುವಾಗ ರೋಡಿನ ಪಕ್ಕ ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡೆವು. ಎಂಜಿನ್ ಓಡ್ತಿತ್ತು. ಸೆಟ್ಟು ಗೊರಗೊರ ಅಂತಿತ್ತು. ಊರೊಳಗೆ ಸಣ್ಣದಾಗಿ ಕೇಳಿದ್ದು ಇಲ್ಲಿ ಬಂದು ದೊಡ್ಡ ರಾಕ್ಷಸ ಆಗಿತ್ತು. ಮತ್ತೆ ಒಂದೊಂದಾಗಿ ಆರಿಸಿದೆ. ಫ್ಯಾನು, ವೈಪರು, ಲೈಟು, ಸೈರನ್ನು. ಕಂಡೆನ್ಸರ್ ಬದಲಾಯಿಸಿದೆ. ಆಂಟೆನಾದ ವೈರು ಕಿತ್ತು ಮತ್ತೆ ಹಾಕಿದೆ. ಸೀರೆ ಮೇಲೆ ಹಾಕಿದ್ದ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಗಾಡಿ ಮಾಡಿದವನನ್ನ ಬೈದೆ, ವೈರ್‌ಲೆಸ್ ಕಂಡುಹಿಡಿದವನನ್ನ ಬೈದೆ, ಹೆಣ್ಣುಮಗಳ ಕೈಗೆ ಸ್ಪ್ಯಾನರ್ ಕೊಟ್ಟ ನಮ್ಮಪ್ಪನನ್ನೂ ಬಿಡಲಿಲ್ಲ.

ಅಣ್ಣ ಸ್ಟೇರಿಂಗ್ ಹಿಂದೆ ಸುಮ್ಮನೆ ಕೂತಿದ್ದ. ಇನ್ನೊಂದು ತಾಸಿಗೆ ಮತ್ತೆ ಗೇಟಿಗೆ ಹೋಗಬೇಕಾದ ಮನುಷ್ಯ, ಕೂತು ಬೆರಳಲ್ಲಿ ಸ್ಟೇರಿಂಗ್ ಮೇಲೆ ಟಕಟಕ ಬಡೀತಿದ್ದ.

"ನಾನಿಲ್ಲಿ ಸಾಯ್ತಿದ್ದೀನಿ, ನಿಮಗೆ ತಾಳ ಬೇರೆ ಕೇಡು!" ಅಂತ ಕೂಗಿದೆ.

"ನಾನು ಹಾಕ್ತಿಲ್ಲವ್ವಾ, ಅದೇ ಹಾಕ್ತೈತೆ" ಅಂದ ಅಣ್ಣ, ಸೆಟ್ಟಿನ ಕಡೆ ತೋರಿಸಿ. "ಕೇಳು ನೀನೇ. ಮೂರು ಸಣ್ಣವು, ಒಂದು ಉದ್ದದ್ದು. ಸ್ವಲ್ಪ ತಡೆದು ಮತ್ತೆ ಮೂರು ಸಣ್ಣವು, ಒಂದು ಉದ್ದದ್ದು. ಮೊದಲಿಂದಲೂ ಹಿಂಗೇ ಹಾಕ್ತೈತಲ್ಲ."

ಕೇಳಿದೆ. ಗೊರ್ ಗೊರ್ ಗೊರ್, ಗೊರ್ರ್ರ್. ನಿಜ! ನನಗೆ ಬರೀ ಹಪ್ಪಳ ಕರಿದಂಗೆ ಕೇಳಿದ್ದರಲ್ಲಿ, ಕಿವಿ ಹೋಯ್ತು ಅಂತ ಕೀಲಿ ಬಿಟ್ಟುಕೊಟ್ಟ ಈ ಮನುಷ್ಯ ತಾಳ ಎಣಿಸಿದ್ದ. ಆ ಬೆರಳು ನೋಡ್ತಾ ನೋಡ್ತಾ ತಲೆ ಎತ್ತಿದೆ. ಎದುರಿಗೆ ದೇವರ ಫೋಟೊ. ಸುತ್ತ ದೀಪದ ಸಾಲು. ಹಸಿರು ಮೂರು ಸಲ ಪಕ್ ಪಕ್ ಪಕ್, ಆಮೇಲೆ ಕೆಂಪು ಒಂದು ಸಲ ಉದ್ದಕ್ಕೆ. ಸ್ವಲ್ಪ ತಡೆದು ಮತ್ತೆ ಮೂರು ಹಸಿರು.

ನನ್ನ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

ನಾನೇ ಕೂಡಿಸಿದ ದೀಪ. ಪ್ರತಿವರ್ಷ ಕೊಡ್ತಿದ್ದ ಸಾದಾ ಬಲ್ಬು ಬಿಟ್ಟು, ಪೇಟೇಲಿ ಹೊಸದಾಗಿ ಬಂದಿದೆ ಅಂತ ಈ ಸಲ ಮಿಣುಕುವ ಸರ ತಂದಿದ್ದೆ. ಮಿಣುಕಿಸೋಕೆ ಅದರ ಬೆನ್ನಿಗೆ ಒಂದು ಸಣ್ಣ ಡಬ್ಬಿ. ಆ ಡಬ್ಬಿಯೊಳಗಿನ ಕಳಪೆ ಸರ್ಕೀಟು ಪಕ್ಕದ ಸೆಟ್ಟಿನ ಕಿವಿಯಲ್ಲಿ ನಾಲ್ಕು ತಿಂಗಳಿಂದ ಕೂಗ್ತಿತ್ತು. ಲಾರಿಗಳಲ್ಲಿ ವೈರ್‌ಲೆಸ್ ಇಲ್ಲ, ಹಾಗಾಗಿ ಬೇರೆ ಯಾರಿಗೂ ತೊಂದರೆ ಆಗಿರಲಿಲ್ಲ. ಗಾಡಿ ನಿಂತಾಗ ಬ್ಯಾಟರಿ ತಿನ್ನಬಾರದು ಅಂತ, ಎಂಜಿನ್ ಓಡಿದರೆ ಮಾತ್ರ ಹತ್ತುವಂಗೆ ಅದಕ್ಕೆ ಕರೆಂಟು ಕೊಟ್ಟಿದ್ದೆ. ಅದಕ್ಕೇ ನಾನು ಡೈನಮೊದ ಬೆನ್ನು ಬಿದ್ದದ್ದು. ಸ್ವಿಚ್ಚಂತೂ ಇಟ್ಟೇ ಇರಲಿಲ್ಲ. ದೇವರ ಮುಂದಿನ ದೀಪಾನ ನಮ್ಮಲ್ಲಿ ಯಾರು ಕೈಯಾರೆ ಆರಿಸ್ತಾರೆ? ಎಲ್ಲಾನೂ ಆರಿಸು ಅಂತ ಅಪ್ಪ ಹೇಳಿದ್ದ. ಎರಡೆರಡು ಸಲ ಎಲ್ಲಾನೂ ಆರಿಸಿದ ನನಗೆ ಅದೊಂದು ಕಣ್ಣಿಗೇ ಬಿದ್ದಿರಲಿಲ್ಲ. ಅದು ದೀಪ, ಸಾಮಾನಲ್ಲ ಅಂತ ತಲೇಲಿ ಕೂತುಬಿಟ್ಟಿತ್ತು.

"ಅಣ್ಣಾ, ಈ ದೀಪ ಸ್ವಲ್ಪ ಹೊತ್ತು ಶಾಂತ ಮಾಡ್ತೀನಿ" ಅಂದೆ.

ಅಣ್ಣ ಚಪ್ಪಲಿ ಬಿಟ್ಟು ಕೈ ಮುಗಿದ. ನಾನು ವೈರು ಎಳೆದೆ. ಗೊರಗೊರ ನಿಂತಿತು. ಎಂಜಿನ್ ಓಡ್ತಾನೇ ಇತ್ತು, ಮೇಲೆ ಬೇವಿನ ಮರದಲ್ಲಿ ಗಿಣಿ ಕೂಗಿದ್ದೂ ಕೇಳ್ತು.

"ನಿಮ್ಮ ಸೀಟು ಕಿತ್ಕೊಂಡೋಳು ನಾನೇ ಅಣ್ಣಾ" ಅಂದೆ. ನಲವತ್ತೆಂಟು ವರ್ಷದ ಹೆಂಗಸು, ರೋಡಿನ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತೆ.

"ಹುಚ್ಚಿ. ನೀನು ದೇವರಿಗೆ ದೀಪ ಇಟ್ಟಿ, ಕಲ್ಲು ಇಡಲಿಲ್ಲ" ಅಂದ ಅಣ್ಣ. ನನ್ನ ತಲೆ ಮೇಲೆ ಕೈಯಿಟ್ಟ. ಆಮೇಲೆ ಸಂಕೋಚದಿಂದ, "ಆದರೆ ಫೋಟೊಕ್ಕೆ ಕತ್ತಲಾತಲ್ಲವ್ವಾ" ಅಂದ. ಅಳುವಿನಲ್ಲೂ ನಗು ಬಂತು. ನನ್ನ ಸಾಮಾನಿನ ಪೆಟ್ಟಿಗೆಯಿಂದ ಒಂದು ಹಳೇ ಕಾಲದ ಗುಂಡು ಬಲ್ಬು ತೆಗೆದು ಫೋಟೊದ ಹಿಂದೆ ಕೂಡಿಸಿದೆ. ಅದು ಮಿಣುಕಲ್ಲ, ಸದ್ದು ಮಾಡಲ್ಲ, ಸುಮ್ಮನೆ ಹಳದಿಯಾಗಿ ಉರೀತದೆ.

ಮೈಕ್ ಹಿಡಿದು ಮೇಷ್ಟ್ರಿಗೆ ಅಲ್ಲಿಂದಲೇ ಹೇಳಬಹುದಿತ್ತು. ಇಂಥದ್ದನ್ನ ಮುಖ ತೋರಿಸಿ ಹೇಳಬೇಕು ಅನಿಸ್ತು. ಅಣ್ಣನಿಗೆ ಅಲ್ಲೇ ಇರೋಕೆ ಹೇಳಿ, ಇನ್ನು ಮುಕ್ಕಾಲು ತಾಸಿಗೆ ಎಂಜಿನ್ ಚಾಲೂ ಮಾಡಿ ಸೆಟ್ಟಿನ ಮುಂದೆ ಕೂಡ್ರಿ ಅಂತ ಹೇಳಿ ದಾವಣಗೆರೆ ಬಸ್ ಹತ್ತಿದೆ. ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿಕೊಂಡಿದ್ದೆ.

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಮಿಣುಕು ದೀಪದ ಸರ ಅವರ ಟೇಬಲ್ ಮೇಲೆ ಇಟ್ಟೆ. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಮೊನ್ನೆ ನಿನ್ನ ಚೀಟಿ ನಂಬಿದೆ, ಅವನು ತನ್ನ ಕಿವಿ ಬಗ್ಗೆ ಹೇಳಿದ್ದೂ ನಂಬಿದೆ" ಅಂದರು. "ಇವತ್ತು ನಿನ್ನ ಮಾತೂ ಬ್ಯಾಡ, ಅವನ ಮಾತೂ ಬ್ಯಾಡ."

ಎದ್ದು ಫ್ಯಾನ್ ಆರಿಸಿದರು. ಕೋಣೆ ಬಾಗಿಲು ಹಾಕಿದರು. ಮೈಕ್ ಎತ್ತಿಕೊಂಡು ಬಾಯಿಂದ ಒಂದು ಗೇಣು ದೂರ ಹಿಡಿದು, ಪರೀಕ್ಷೆ ಹಾಲಿನಲ್ಲಿ ಮಕ್ಕಳು ಪಿಸುಗುಟ್ಟುವಂಗೆ ಏನೋ ಅಂದರು. ಮೂರು ಹೆಜ್ಜೆ ದೂರ ಕೂತ ನನಗೇ ಏನೂ ತಿಳೀಲಿಲ್ಲ.

"ಹಿಂಗಂದ್ರೆ ಯಾರಿಗೆ ಕೇಳ್ತದೆ ಸಾರ್! ಇದು ಅನ್ಯಾಯ..." ಅಂತ ಎದ್ದೆ. ಅವರು ಹಳೇ ಮೇಷ್ಟ್ರ ಥರ ಒಂದು ಬೆರಳು ಎತ್ತಿದರು. ಕೂತೆ.

ಸೆಟ್ಟು ಸುಮ್ಮನಿತ್ತು. ನಾನು ಸೆರಗಿನ ತುದಿ ಹಿಂಡ್ತಾ ಕೂತಿದ್ದೆ. ನನ್ನ ಮನೆದೇವರನ್ನೂ ಕರೆದೆ, ಅಣ್ಣನ ಮನೆದೇವರನ್ನೂ ಕರೆದೆ. ಗೋಡೆ ಮೇಲಿನ ಮೊಳೆಗೆ ನೇತುಹಾಕಿದ್ದ ಗಾಡಿಯ ಇನ್ನೊಂದು ಕೀಲಿಗೆ ಹೊಸ ಡ್ರೈವರನ ಹೆಸರಿನ ಚೀಟಿ ಆಗಲೇ ಅಂಟಿಸಿದ್ದರು.

ಸೆಟ್ಟು ಟಕ್ ಅಂತು. ಆಮೇಲೆ ಅಣ್ಣನ ದನಿ ಬಂತು, ಮೊದಲಿನ ಹಂಗೆ ಮೆತ್ತಗೆ.

"ಕೇಳ್ತೈತೇನು ಅಂದ್ರಲ್ಲ, ಕೇಳ್ತೈತೆ ಮೇಷ್ಟ್ರೇ, ಹೇಳ್ರಿ. ಯಾಕ್ರಿ, ದನಿ ಪೂರಾ ಬಿದ್ದುಹೋಗೈತಲ್ಲ? ನಾಲ್ಕು ತಿಂಗಳು ನನ್ನ ಕೂಗಿ ಕೂಗಿ ಗಂಟಲು ಹಿಂಗಾಗೈತೇನ್ರಿ? ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸ್ರಿ, ಇವತ್ತೇ ಮುಕ್ಕಳಿಸ್ರಿ."

ಮೇಷ್ಟ್ರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಎದ್ದು ಹೋಗಿ ಮೊಳೆಯ ಮೇಲಿನ ಕೀಲಿಯಿಂದ ಆ ಹೆಸರಿನ ಚೀಟಿ ಕಿತ್ತರು. ವಾಪಸ್ ಬಂದು ಮೈಕ್ ಹಿಡಿದಾಗ ಅವರ ಗಂಟಲು ನಿಜಕ್ಕೂ ಕಟ್ಟಿತ್ತು.

"ಗಾಡಿ ತಗೊಂಡು ಬಾರಪ್ಪಾ. ಬಂದ ಮೇಲೆ ಕೀಲಿ ನನ್ನ ಟೇಬಲ್ ಮೇಲೆ ಇಡಬ್ಯಾಡ, ನಿನ್ನ ಜೇಬಿನಲ್ಲೇ ಇಟ್ಕೊಂಡು ಮನೆಗೆ ಹೋಗು."